ಕುರಿ ಅಡ್ಡ ಹೋಗುತ್ತದೆ, ಗಾಲಿ ನೇರ ಇಳಿಯುತ್ತದೆ

ಹೋದ ಸೆಪ್ಟೆಂಬರಿನಲ್ಲಿ ನನ್ನ ಸೈಕಲ್ಲಿನ ಹಿಂದಿನ ಗಾಲಿ ಒಂದು ಗುಡ್ಡದ ಮೇಲೆ ಗೆರೆ ಎಳೆಯಿತು. ಹದಿನೈದು ಅಡಿ ಉದ್ದ ಇರಬಹುದು. ಆಳ ಹೆಬ್ಬೆರಳಿನಷ್ಟು. ಇಳಿಜಾರಿನಲ್ಲಿ ಹಿಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದಿದ್ದೆ. ಗಾಲಿ ತಿರುಗುವುದು ಬಿಟ್ಟು ಜಾರಿತು. ಹಸಿ ಗರಸು ಎರಡೂ ಬದಿಗೆ ಸರಿದು ಕೆಳಗಿನ ಕೆಂಪು ಮಣ್ಣು ಕಾಣಿಸಿತು. ಆವತ್ತು ನಾನು ತಿರುಗಿ ಕೂಡ ನೋಡಲಿಲ್ಲ. ಕೆಳಗೆ ಬಂದು ನೀರು ಕುಡಿದೆ. ಫೋನ್ ತೆಗೆದು ಎಷ್ಟು ಹೊತ್ತಿನಲ್ಲಿ ಇಳಿದೆ ಅಂತ ನೋಡಿಕೊಂಡೆ. ಇಪ್ಪತ್ತು ದಿನ ಕಳೆದು, ಮೂರು ದೊಡ್ಡ ಮಳೆ ಬಿದ್ದ ಮೇಲೆ ಆ ಗೆರೆ ಕೊರಕಲಾಗಿತ್ತು. ಒಳಗೆ ಕಾಲಿಟ್ಟರೆ ಮೀನಖಂಡ ಮುಚ್ಚುತ್ತಿತ್ತು. ಅದರ ಕೆಳಗಿನ ತುದಿಯಲ್ಲಿ ಒಬ್ಬರ ಸಜ್ಜೆ ಹೊಲ ಇತ್ತು.

ನಾನು ಗಂಗಾವತಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಾ ರೈತರ ಜೊತೆ ಮಣ್ಣಿನ ಮಾತೇ. ಮೇಲ್ಮಣ್ಣು ಹೋದರೆ ಹೊಲವೇ ಹೋದಂಗೆ ಅಂತ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕ ಇಲ್ಲ. ವಾರದಲ್ಲಿ ಭಾನುವಾರದ ಬೆಳಗು ಮಾತ್ರ ನನ್ನದು. ಐದೂವರೆಗೆ ಎದ್ದು ಆನೆಗೊಂದಿ ದಾರಿ ಹಿಡಿಯುತ್ತೇನೆ. ಒಂದಷ್ಟು ಹೊತ್ತು ಡಾಂಬರು, ಎರಡೂ ಕಡೆ ಭತ್ತದ ಗದ್ದೆ, ಕಾಲುವೆ ನೀರಿನ ತಂಪು. ಆಮೇಲೆ ರಸ್ತೆ ಬಿಟ್ಟು ಗುಡ್ಡದ ಕಡೆ ತಿರುಗಿದರೆ ಅಲ್ಲಿಂದ ಬೇರೆಯೇ ಲೋಕ. ಗುಂಡುಕಲ್ಲು, ಹಾಸುಬಂಡೆ, ಕುರುಚಲು ಗಿಡ, ನಡುವೆ ಒಂದೇ ಒಂದು ಕಾಲು ಹಿಡಿಸುವಷ್ಟು ಅಗಲದ ದಾರಿ.

ಆ ಗುಂಡುಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದೆ. ಯಾರೂ ಪೇರಿಸಿದ್ದಲ್ಲ. ಸುಮಾರು 250 ಕೋಟಿ ವರ್ಷದ ಗ್ರಾನೈಟ್ ತನ್ನ ಬಿರುಕುಗಳ ಉದ್ದಕ್ಕೂ ಸವೆದು, ಮೂಲೆಗಳು ಉದುರಿ, ನಿಂತಲ್ಲೇ ಗುಂಡಾಗಿದೆ. ಉದುರಿದ್ದು ಗರಸು. ಆ ಗರಸು ಇನ್ನೂ ನುಣ್ಣಗಾದರೆ ಮಸಾರಿ ಮಣ್ಣು. ಗುಡ್ಡದ ಬುಡದ ಹೊಲಗಳಲ್ಲಿ ಇರುವುದೆಲ್ಲ ಹೀಗೆ ಮೇಲಿನಿಂದ ಬಂದದ್ದೇ. ಕಲ್ಲಿನ ಮೇಲೆ ಸೈಕಲ್ ಹಿಡಿದಷ್ಟು ಚೆನ್ನಾಗಿ ಎಲ್ಲೂ ಹಿಡಿಯುವುದಿಲ್ಲ. ಒಣ ಹಾಸುಬಂಡೆಯ ಮೇಲೆ ಟಯರ್ ಅಂಟಿಕೊಂಡೇ ಹೋಗುತ್ತದೆ. ಆದರೆ ಬಂಡೆ ಮುಗಿದು ಗರಸು ಶುರುವಾಗುವ ಜಾಗದಲ್ಲಿ, ಅದೇ ಒಂದು ಮಾರು ಜಾಗದಲ್ಲಿ, ಕಾಳು ಚೆಲ್ಲಿದ ನೆಲದ ಮೇಲೆ ನಡೆದ ಹಾಗೆ ಆಗುತ್ತದೆ. ನಾನು ಬ್ರೇಕ್ ಹಿಡಿದದ್ದು ಅಲ್ಲೇ.

ನಮ್ಮ ಸೈಕಲ್ ಗೆಳೆಯರು ಇಂಥ ದಾರಿಗೆ ‘ನ್ಯಾಚುರಲ್ ಟ್ರೇಲ್’ ಅಂತಾರೆ. ಅಂದ್ರೆ ಯಂತ್ರ ಹಚ್ಚಿ ಮಾಡಿದ್ದಲ್ಲ, ತಾನಾಗೇ ಆದದ್ದು. ನಾನೂ ನಾಲ್ಕು ವರ್ಷ ಹಾಗೇ ಅಂದುಕೊಂಡಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ.

ಸಣ್ಣ ಟ್ರ್ಯಾಕ್ಟರ್

ಅಕ್ಟೋಬರ್ ಮೊದಲ ವಾರ ಮತ್ತೆ ಅದೇ ಗುಡ್ಡಕ್ಕೆ ಹೋದೆ. ಇಳಿಜಾರಿನ ಕೆಳಗೆ ಒಬ್ಬ ವಯಸ್ಸಾದ ತಾಯಿ ಬಾಂಡ್ಲಿಯಲ್ಲಿ ಗರಸು ತುಂಬಿ ತುಂಬಿ ಹೊಲದ ಹೊರಗೆ ಸುರಿಯುತ್ತಿದ್ದರು. ಸಜ್ಜೆ ತೆನೆ ಬಲಿತು ನಿಂತಿತ್ತು. ಹೊಲದ ಮೇಲ್ಭಾಗದ ಒಡ್ಡು ಒಂದು ಕಡೆ ಎರಡು ಮೊಳದಷ್ಟು ಕಿತ್ತುಹೋಗಿತ್ತು. ಅಲ್ಲಿಂದ ಒಳಕ್ಕೆ ಗರಸು ಬೀಸಣಿಗೆ ಬಿಡಿಸಿದ ಹಾಗೆ ಹರಡಿತ್ತು. ನಾಲ್ಕೈದು ಸಾಲು ಸಜ್ಜೆ ಮಲಗಿತ್ತು. ತೆನೆಗಳು ಗರಸಿನ ಕೆಳಗೆ ಅರ್ಧ ಹೂತುಹೋಗಿದ್ದವು. ಕೆಲವು ತೆನೆಯಲ್ಲಿ ಕಾಳು ಅಲ್ಲೇ ಮೊಳಕೆ ಒಡೆದಿತ್ತು, ಸೂಜಿಯಷ್ಟು ಸಣ್ಣ ಹಸಿರು.

ನಾನು ಸೈಕಲ್ ನಿಲ್ಲಿಸಿದೆ. ಅವರು ಮೊದಲು ನನ್ನನ್ನು ನೋಡಲಿಲ್ಲ. ನನ್ನ ಟಯರ್ ನೋಡಿದರು. ಸೊಂಟದ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. ಆಮೇಲೆ, ‘ಬಾ ಇಲ್ಲೆ ತಮ್ಮಾ’ ಅಂತ ಕರೆದು ಮೇಲಕ್ಕೆ ನಡೆದರು. ನಾನು ಹಿಂದೆ ಹೋದೆ. ಇಳಿಜಾರಿನ ಅರ್ಧದಲ್ಲಿ ಒಂದು ದೊಡ್ಡ ಗುಂಡು ಇದೆ, ಮುಂದಕ್ಕೆ ಬಾಗಿ ಸೂರಿನ ಹಾಗೆ ನಿಂತಿದೆ. ಅದರ ಮರೆಗೆ ಮಳೆ ಬೀಳುವುದಿಲ್ಲ. ಅಲ್ಲಿ ಒಂದು ಗೇಣು ಜಾಗದಲ್ಲಿ ಗಾಲಿಯ ಗುರುತು ಹಾಗೇ ಒಣಗಿ ಉಳಿದಿತ್ತು. ಚೌಕ ಚೌಕ ಗುಬುಟು, ನಡುವೆ ಸಣ್ಣ ಸಂದು. ಅವರು ಕೂತು ನಾಲ್ಕು ಬೆರಳು ಆ ಗುರುತಿನ ಮೇಲೆ ಇಟ್ಟರು.

‘ಮೊದ್ಲು ಟ್ರ್ಯಾಕ್ಟರ್ ಅನ್ಕೊಂಡಿದ್ನಿ ತಮ್ಮಾ. ಇಷ್ಟು ಸಣ್ಣ ಟ್ರ್ಯಾಕ್ಟರ್ ಎಲ್ಲಿಂದ ಬಂತು ಅಂತ ಗುಡ್ಡ ಎಲ್ಲಾ ನೋಡಿದೆ.’

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭ ಆಗುತ್ತಿತ್ತು. ‘ತಪ್ಪಾಯ್ತು ಅವ್ವಾ, ಇದು ನಂದೇ’ ಅಂದೆ. ‘ನಿಂದು ಅಂತ ಗೊತ್ತಾತು ಬಿಡು’ ಅಂದರು. ಕೊರಕಲಿನ ಕಡೆ ಕೈ ತೋರಿಸಿ, ‘ನೀರಿಗೆ ಒಂದು ಸಲ ದಾರಿ ತೋರ್ಸಿದ್ರ ಅದು ಬಿಡ್ತೈತೇನು?’ ಅಂತ ಕೇಳಿದರು. ಉತ್ತರ ಕೇಳಿದ್ದಲ್ಲ. ಎದ್ದು ಕೆಳಗೆ ಹೋಗಿ ಮತ್ತೆ ಬಾಂಡ್ಲಿ ತುಂಬತೊಡಗಿದರು. ಆವತ್ತು ಹನ್ನೊಂದು ಗಂಟೆ ತನಕ ಅವರ ಜೊತೆ ಗರಸು ಹೊತ್ತೆ. ಅಂಗಡಿ ತೆಗೆಯುವ ಹುಡುಗ ನಾಲ್ಕು ಸಲ ಫೋನ್ ಮಾಡಿದ.

ನಮ್ಮ ಕೊಪ್ಪಳ ಜಿಲ್ಲೆಗೆ ವರ್ಷಕ್ಕೆ 600 ಮಿಲಿಮೀಟರ್ ಹತ್ತಿರ ಮಳೆ. ಅದು ಹದವಾಗಿ ಹಂಚಿ ಬೀಳುವುದಿಲ್ಲ. ತಿಂಗಳುಗಟ್ಟಲೆ ಮೋಡ ನೋಡಿ ನೋಡಿ ಕಣ್ಣು ಸೋತ ಮೇಲೆ ಒಂದು ಸಂಜೆ ಕೊಡ ಬಗ್ಗಿಸಿದ ಹಾಗೆ ಸುರಿಯುತ್ತದೆ. ಹೆಚ್ಚಿನ ಮಳೆ ಸೆಪ್ಟೆಂಬರ್ ಸುತ್ತಮುತ್ತಲೇ. ಬಂಡೆಯ ಮೇಲೆ ಬಿದ್ದ ನೀರು ಇಂಗುವ ಮಾತೇ ಇಲ್ಲ, ಪೂರ್ತಿ ಕೆಳಕ್ಕೇ ಬರಬೇಕು. ಬರುವಾಗ ಹುಲ್ಲು, ಬೇರು, ಸಣ್ಣ ಕಲ್ಲು ಅದನ್ನು ಹತ್ತು ಕಡೆ ಒಡೆಯುತ್ತವೆ. ಹತ್ತು ಕಡೆ ಒಡೆದ ನೀರಿಗೆ ಬಲ ಇರುವುದಿಲ್ಲ. ನನ್ನ ಗಾಲಿ ಆ ಹತ್ತನ್ನೂ ಒಂದು ಮಾಡಿತ್ತು.

ಕುರಿಗಳ ಲೆಕ್ಕ

ಕಾಲಿಗೂ ಗಾಲಿಗೂ ಇರುವ ವ್ಯತ್ಯಾಸ ನನಗೆ ಅರ್ಥವಾದದ್ದು ಆಮೇಲೆ. ಕಾಲು ನೆಲವನ್ನು ಬಿಡಿ ಬಿಡಿಯಾಗಿ ಮುಟ್ಟುತ್ತದೆ. ಒಂದು ಹೆಜ್ಜೆ, ಬಿಟ್ಟ ಜಾಗ, ಇನ್ನೊಂದು ಹೆಜ್ಜೆ. ನೀರು ಆ ಗುಂಡಿಯಲ್ಲಿ ನಿಲ್ಲುತ್ತದೆ, ತುಂಬಿದರೆ ಪಕ್ಕಕ್ಕೆ ಚೆಲ್ಲುತ್ತದೆ. ಗಾಲಿ ಹಾಗಲ್ಲ. ಮೇಲಿನಿಂದ ಕೆಳಗಿನ ತನಕ ಎಲ್ಲೂ ಕಡಿಯದ ಒಂದು ಗೆರೆ. ಒಣ ನೆಲದಲ್ಲಿ, ಗಾಲಿ ತಿರುಗುತ್ತಾ ಹೋದರೆ ಈ ಗೆರೆ ಕಾಣುವುದೇ ಕಷ್ಟ. ಹಸಿ ಇರುವಾಗ, ಅದರಲ್ಲೂ ಗಾಲಿ ಲಾಕ್ ಆಗಿ ಜಾರಿದರೆ, ಅದು ನೇಗಿಲು ಹೊಡೆದ ಸಾಲೇ. ಮುಂದಿನ ಬ್ರೇಕನ್ನು ಮೆಲ್ಲಗೆ ಹಿಡಿದು, ಮೈ ಭಾರ ಸೀಟಿನ ಹಿಂದಕ್ಕೆ ತಂದು ಇಳಿದರೆ ಗಾಲಿ ಜಾರುವುದು ಎಷ್ಟೋ ಕಮ್ಮಿ. ಇದು ಮೌಂಟನ್ ಬೈಕ್ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ನನಗೂ ಗೊತ್ತಿತ್ತು. ಜಾರಿಸುವುದರಲ್ಲಿ ಒಂದು ಖುಷಿ ಇದೆ, ಆ ಖುಷಿಗೆ ಹಿಂದಿನ ಬ್ರೇಕ್ ಹಿಡಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಲ್ವಾ.

ಇನ್ನೊಂದು ವಿಷಯ ಇದೆ. ನಾನು ಇಳಿದ ಜಾಗ ದಾರಿಯೇ ಅಲ್ಲ. ದಾರಿ ಅಲ್ಲಿಂದ ಎಡಕ್ಕೆ ತಿರುಗಿ, ಗುಡ್ಡದ ಮೈಗೆ ಅಡ್ಡವಾಗಿ ಒಂದು ಫರ್ಲಾಂಗ್ ಹೋಗಿ, ಮತ್ತೆ ಬಲಕ್ಕೆ ಹೊರಳಿ ಕೆಳಗೆ ಬರುತ್ತದೆ. ಕುರಿಗಳು ಮಾಡಿದ ದಾರಿ ಅದು. ಅಷ್ಟು ಸುತ್ತು ಯಾಕೆ ಅಂತ ನಾನು ನೇರ ಇಳಿಸಿದ್ದೆ.

ಕುರಿ ಕಾಯುವ ಒಬ್ಬ ಅಜ್ಜ ಆ ಕಡೆ ಸಿಗುತ್ತಿರುತ್ತಾರೆ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಉದ್ದನೆ ಕೋಲು, ಅದರ ತುದಿಗೆ ಸೊಪ್ಪು ಕೊಯ್ಯುವ ಕುಡುಗೋಲು. ‘ಅಜ್ಜಾ, ಕುರಿ ಯಾಕ ನೇರ ಇಳಿಯಲ್ಲ?’ ಅಂತ ಕೇಳಿದೆ. ಅವರು ನನ್ನನ್ನು ಸುಮ್ನೆ ನೋಡಿದರು. ‘ನೇರ ಇಳಿದ್ರ ಮೊಣಕಾಲು ಹೋಗ್ತಾವು. ಕುರಿಗೂ ಅಷ್ಟ, ನನಗೂ ಅಷ್ಟ’ ಅಂದರು. ಆಮೇಲೆ ಏನೋ ನೆನಪಾದವರಂತೆ, ‘ನೇರ ಇಳಿದ ದಾರಿ ಎರಡು ಮಳಿಗೆ ಹಳ್ಳ ಆಗ್ತೈತಿ. ನಾಳಿ ಯಾವ ದಾರಿಲೆ ಹೊಡಕೊಂಡು ಬರೂದು?’ ಅಂದರು.

ಮನೆಗೆ ಬಂದು ಟ್ರೇಲ್ ಮಾಡುವವರು ಏನು ಹೇಳುತ್ತಾರೆ ಅಂತ ಓದಿದೆ. ಅವರದೊಂದು ಸರಳ ಲೆಕ್ಕ ಇದೆ. ದಾರಿಯ ಇಳಿಜಾರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಗುಡ್ಡ ನೂರು ಅಡಿಗೆ ಇಪ್ಪತ್ತು ಅಡಿ ಇಳಿದರೆ ದಾರಿ ಹತ್ತರ ಒಳಗೆ ಇಳಿಯಬೇಕು. ಹಾಗಿದ್ದರೆ ನೀರು ದಾರಿಯನ್ನು ಅಡ್ಡ ದಾಟಿ ಹೋಗುತ್ತದೆ, ದಾರಿಯ ಉದ್ದಕ್ಕೂ ಓಡುವುದಿಲ್ಲ. ಹೊರಗಿನ ಅಂಚು ತುಸು ತಗ್ಗಿರಬೇಕು. ಬಾಗುವ ಕಡೆ ಕಲ್ಲು ಕೂರಿಸಬೇಕು. ಓದುತ್ತಾ ಓದುತ್ತಾ ಆ ಕುರಿದಾರಿ ಕಣ್ಣ ಮುಂದೆ ಬಂತು. ಹೊರಳುವ ಕಡೆ ಮೂರು ಕಲ್ಲು ಕೂರಿಸಿದ್ದು ನಾನೇ ನೋಡಿದ್ದೆ, ಸೈಕಲ್ಲಿಗೆ ಅಡ್ಡ ಅಂತ ಒಂದನ್ನು ಕಾಲಲ್ಲಿ ತಳ್ಳಿಯೂ ಇದ್ದೆ. ಯಾರೋ ಕೂರಿಸಿದ ಕಲ್ಲು ಅದು. ಸೌದೆ ಹೊರೆ ಹೊತ್ತವರೋ, ಕುರಿಯವರೋ, ಅವರ ಅಪ್ಪಂದಿರೋ. ತಾನಾಗೇ ಆದ ದಾರಿ ಅಂತ ನಾವು ಕರೆಯುವುದರಲ್ಲಿ ಇಂಥ ಕೈಗಳೆಲ್ಲ ಮರೆಯಾಗಿ ಹೋಗುತ್ತವೆ.

ನನ್ನ ಅಪ್ಪನೂ ಸೈಕಲ್ ಸವಾರರೇ. ಕರಿ ಬಣ್ಣದ ದೊಡ್ಡ ಸೈಕಲ್, ಕಡ್ಡಿ ಬ್ರೇಕ್, ಹಿಂದಿನ ಕ್ಯಾರಿಯರ್ ಮೇಲೆ ಬೀಜದ ಚೀಲ. ಗುಡ್ಡದ ಆಚೆಯ ಊರುಗಳಿಗೆ ಇದೇ ಕಾಲುದಾರಿಗಳಲ್ಲಿ ಹೋಗುತ್ತಿದ್ದರು. ನಾನು ಮುಂದಿನ ಕಬ್ಬಿಣದ ಪಟ್ಟಿ ಮೇಲೆ ಟವೆಲ್ ಹಾಕಿಸಿಕೊಂಡು ಕೂತಿರುತ್ತಿದ್ದೆ. ಇಳಿಜಾರು ಬಂದರೆ ಅಪ್ಪ ಇಳಿದುಬಿಡುತ್ತಿದ್ದರು. ನನ್ನನ್ನೂ ಇಳಿಸಿ, ಹ್ಯಾಂಡಲ್ ಹಿಡಿದು ಸೈಕಲ್ ನಡೆಸಿಕೊಂಡು ಬರುತ್ತಿದ್ದರು. ಆ ಬ್ರೇಕಿಗೆ ಇಳಿಜಾರು ತಡೆಯುತ್ತಿರಲಿಲ್ಲ, ಅಷ್ಟೇ ಕಾರಣ. ಆದರೆ ಅಪ್ಪನ ಗಾಲಿಯಿಂದ ಯಾರ ಒಡ್ಡೂ ಒಡೆಯಲಿಲ್ಲ.

ಒಂದು ಖೋಲಿ ಕಟ್ಟಾಕ

ನಾನು ತಿರುಗಾಡುವ ಕಡೆ ಸುಮಾರು ಭಾಗ ಹಂಪಿ ವಿಶ್ವ ಪರಂಪರೆ ಪ್ರದೇಶದ ಒಳಗೆ ಬರುತ್ತದೆ. ಹೊಳೆಯ ಆಚೆ ಹಂಪಿ, ಈಚೆ ಆನೆಗೊಂದಿ. ಹಂಪಿ ಯುನೆಸ್ಕೊ ಪಟ್ಟಿಗೆ ಸೇರಿದ್ದು 1986ರಲ್ಲಿ. 1999ರಿಂದ 2006ರ ತನಕ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲೂ ಇತ್ತು. ಈಗ ಒಟ್ಟು 236 ಚದರ ಕಿಲೋಮೀಟರ್, 29 ಹಳ್ಳಿಗಳು ರಕ್ಷಣೆಯ ಗೆರೆಯ ಒಳಗಿವೆ. ಗುಡಿ, ಕೋಟೆ, ಮಂಟಪ ಮಾತ್ರ ಅಲ್ಲ. ಬಾಳೆ ತೋಟ, ವಿಜಯನಗರದ ಕಾಲದಿಂದ ಹರಿಯುತ್ತಿರುವ ಕಾಲುವೆ, ಬಂಡೆ, ಹೊಳೆ ಎಲ್ಲಾ ಸೇರಿಯೇ ಆ ಚೆಲುವು. ಹೊಳೆಗೂ ಒಂದು ರಕ್ಷಣೆ ಇದೆ. ಮುದ್ಲಾಪುರದಿಂದ ಕಂಪ್ಲಿ ತನಕ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲು ಮಾಡಿದರು. ಬೆಳಗಿನ ಜಾವ ದಂಡೆಯ ಮರಳಿನ ಮೇಲೆ ಅವುಗಳ ಹೆಜ್ಜೆ ನೋಡಿದ್ದೇನೆ. ಆ ಮರಳಿನ ಮೇಲೆ ಸೈಕಲ್ ಓಡಿಸುವುದನ್ನು ಬಿಟ್ಟು ಎರಡು ವರ್ಷ ಆಯಿತು, ಅದಕ್ಕೆ ಯಾರೂ ಹೇಳಬೇಕಾಗಿ ಬರಲಿಲ್ಲ.

ಮೌಂಟನ್ ಬೈಕ್ ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1976ರಲ್ಲಿ ಅಲ್ಲಿನ ಮರಿನ್ ಕೌಂಟಿಯ ಗುಡ್ಡದ ಮೇಲೆ ಕೆಲವರು ಹಳೇ ದಪ್ಪ ಟಯರಿನ ಸೈಕಲ್ ಇಳಿಸುವ ಪಂದ್ಯ ಶುರು ಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಅದು. ಒಂದು ಸಲ ಇಳಿಯುವಷ್ಟರಲ್ಲಿ ಒಳಗಿನ ಗ್ರೀಸ್ ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಗ್ರೀಸ್ ತುಂಬಬೇಕು. ಅದಕ್ಕೇ ಆ ದಾರಿಗೆ ‘ರಿಪ್ಯಾಕ್’ ಅಂತ ಹೆಸರು ಬಂತು. ಇಪ್ಪತ್ತೇ ವರ್ಷದಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಈ ಆಟ ಹೋಯಿತು. ಜಗಳವೂ ಜೊತೆಗೇ ಹುಟ್ಟಿತು. ಆ ದೇಶದಲ್ಲಿ 1964ರ ಒಂದು ಕಾಯ್ದೆ ಇದೆ. ಮನುಷ್ಯ ಬಂದು ಹೋಗಬೇಕೇ ಹೊರತು ನೆಲೆ ನಿಲ್ಲಬಾರದು ಅಂತ ಕಾಡುಗಳನ್ನು ಗುರುತು ಮಾಡಿದ ಕಾಯ್ದೆ. ಅಂಥ ಕಾಡಿನೊಳಗೆ ಸೈಕಲ್ ಕೂಡ ಬಿಡುವುದಿಲ್ಲ.

ನಮ್ಮ ಕಡೆ ಆ ಲೆಕ್ಕ ಹೊಂದುವುದಿಲ್ಲ. ಇಲ್ಲಿ ರಕ್ಷಣೆಯ ಗೆರೆಯ ಒಳಗೆ ಜನ ಇದ್ದಾರೆ, ತಲೆತಲಾಂತರದಿಂದ ಇದ್ದಾರೆ. ಅವರಿಗೆ ನಿಯಮ ಇವೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಪರಂಪರೆ ಪ್ರದೇಶದ ಒಳಗೆ ಮನೆ ದೊಡ್ಡದು ಮಾಡಬೇಕಾದರೂ ಕೇಳಬೇಕು. ಇವು ಬೇಡ ಅಂತ ನಾನು ಹೇಳುವುದಿಲ್ಲ. ಇವಿಲ್ಲದಿದ್ದರೆ ಬಂಡೆಗಳ ನಡುವೆ ಏನೇನು ಎದ್ದು ನಿಲ್ಲುತ್ತಿತ್ತೋ. ಆದರೆ ಆವತ್ತು ಗರಸು ಹೊರುವಾಗ ಆ ತಾಯಿಯ ಮಗ ಬಂದರು, ನನ್ನ ವಯಸ್ಸಿನವರೇ. ಸೈಕಲ್ ಎಷ್ಟು ರೊಕ್ಕ ಅಂತ ಕೇಳಿದರು. ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಇನ್ನೊಂದು ಮಾತು ಕೇಳಿದರು. ‘ಅಣ್ಣಾ, ಮಗನ ಮದುವಿ ಐತಿ ಅಂತ ಮನಿ ಮ್ಯಾಲೆ ಒಂದು ಖೋಲಿ ಕಟ್ಟಾಕ ನಾನು ಕಾಗದ ಹಿಡಕೊಂಡು ಓಡಾಡಾಕತ್ತೀನಿ. ಈ ಗುಡ್ಡದ ಮ್ಯಾಲೆ ಸೈಕಲ್ ಬಿಡಾಕ ನಿಮಗ ಯಾರೂ ಏನೂ ಕೇಳಂಗಿಲ್ಲೇನು?’

ಯಾರೂ ಕೇಳಿಲ್ಲ. ನಾಲ್ಕು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಅಭಯಾರಣ್ಯ ಆಗಿದ್ದರೆ ಕೇಳುತ್ತಿದ್ದರು. ಸಂಡೂರಿನ ಕಡೆಗೆ ಹಬ್ಬಿರುವ ದರೋಜಿ ಕರಡಿಧಾಮದ ಒಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲೂ ಇಡುವಂತಿಲ್ಲ. ಆದರೆ ಊರ ಪಕ್ಕದ ಈ ಕುರುಚಲು ಗುಡ್ಡಗಳಲ್ಲಿ ನಮ್ಮಂಥವರನ್ನು ತಡೆಯುವವರಿಲ್ಲ. ಆ ಅಣ್ಣನ ಮಾತಿಗೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ. ಒಂದು ಮಾತ್ರ ಹೊಳೆಯಿತು. ನನ್ನನ್ನು ಯಾರೂ ಕೇಳದೆ ಇದ್ದಾಗ ನಾನಾದರೂ ಯಾರನ್ನಾದರೂ ಕೇಳಬಹುದಿತ್ತು. ಈ ಹೊಲದವರನ್ನು, ಆ ಅಜ್ಜನನ್ನು. ಅದಕ್ಕೆ ಕಾಗದ ಬೇಕಿರಲಿಲ್ಲ.

ನಕ್ಷೆಯ ಮೇಲಿನ ಗೆರೆ

ನಾನು ಒಬ್ಬನೇ ಹದಿನೈದು ಅಡಿ ಜಾರಿಸಿದ್ದಕ್ಕೆ ಅಷ್ಟು ದೊಡ್ಡ ಕೊರಕಲು ಆಗಲಿಕ್ಕಿಲ್ಲ ಅಂತ ಓದುವವರಿಗೆ ಅನ್ನಿಸಬಹುದು. ನಿಜ. ಆ ಭಾನುವಾರ ಸಂಜೆ ನಾನು ಇಳಿದ ದಾರಿಯನ್ನು ಒಂದು ಆ್ಯಪ್‌ನಲ್ಲಿ ಹಾಕಿದ್ದೆ. ಸೈಕಲ್ ಹೊಡೆಯುವವರೆಲ್ಲ ಹಾಕುತ್ತಾರೆ. ಎಲ್ಲಿ ಹೋದೆ, ಎಷ್ಟು ವೇಗ, ಎಷ್ಟು ಏರು. ನಕ್ಷೆಯ ಮೇಲೆ ಕಿತ್ತಳೆ ಬಣ್ಣದ ಗೆರೆ ಮೂಡುತ್ತದೆ. ನೇರ ಇಳಿಯುವ ಆ ತುಂಡಿಗೆ ನಾನೇ ಒಂದು ಹೆಸರೂ ಇಟ್ಟೆ. ಹೆಸರಿಟ್ಟರೆ ಅದು ಪಂದ್ಯ ಆಗುತ್ತದೆ. ಯಾರು ಬೇಗ ಇಳಿದರು ಅಂತ ಪಟ್ಟಿ ಬರುತ್ತದೆ. ಮೂರು ವಾರದಲ್ಲಿ ಆ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರು ಇದ್ದವು. ಹೊಸಪೇಟೆಯವರು, ಬಳ್ಳಾರಿಯವರು, ಬೆಂಗಳೂರಿನಿಂದ ರಜೆಗೆ ಬಂದವರು. ಎಲ್ಲರೂ ಒಳ್ಳೆಯವರೇ. ಕಸ ಹಾಕದವರು, ಎದುರು ಬಂದವರಿಗೆ ನಮಸ್ಕಾರ ಹೇಳುವವರು. ಅವರಿಗೆ ಹೊಲ ಕಾಣಲಿಲ್ಲ, ಗೆರೆ ಕಾಣಿಸಿತು.

ಈ ಕಡೆ ಜನ ಬರುವುದು ಬಹಳ ಜಾಸ್ತಿ ಆಗಿದೆ. ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ತೆರವಾದ ನಂತರ ಬಂದವರೆಲ್ಲ ಸಾಣಾಪುರದ ಕಡೆ ತಿರುಗಿದರು. ಅಂಜನಾದ್ರಿಯ 575 ಮೆಟ್ಟಿಲ ಮೇಲೆ ಶನಿವಾರ ಕಾಲಿಡಲು ಜಾಗ ಇರುವುದಿಲ್ಲ. ಬರಲಿ. ನಮ್ಮ ಊರು ನಾಲ್ಕು ಜನ ನೋಡಲಿ ಅನ್ನುವ ಆಸೆ ನನಗೂ ಇದೆ. ಆದರೆ ಮೆಟ್ಟಿಲು ಕಲ್ಲಿನದು, ತಡೆಯುತ್ತದೆ. ಒಂದು ಕಾಲು ಹಿಡಿಸುವ ದಾರಿ ಎಷ್ಟು ಜನರನ್ನು ತಡೆಯುತ್ತದೆ ಅನ್ನುವುದನ್ನು ಫೋನ್ ಹೇಳುವುದಿಲ್ಲ. ದಾರಿ ಹಾಳಾದ ಕಡೆ ಸವಾರರು ಪಕ್ಕಕ್ಕೆ ಹೋಗುತ್ತಾರೆ, ಅದು ಹಾಳಾದರೆ ಇನ್ನೂ ಪಕ್ಕಕ್ಕೆ. ಆ ಗುಡ್ಡದ ನೆತ್ತಿಯಲ್ಲಿ ದಾರಿ ಈಗ ಹೊರಸು ಹಾಸುವಷ್ಟು ಅಗಲ ಇದೆ.

ಆ ತುಂಡನ್ನು ಅಳಿಸಿದೆ. ನನ್ನ ಹಳೆಯ ಸವಾರಿಗಳನ್ನೆಲ್ಲ ಬೇರೆಯವರಿಗೆ ಕಾಣದ ಹಾಗೆ ಮಾಡಿದೆ. ಈ ಬರಹದಲ್ಲೂ ಆ ಗುಡ್ಡದ ಹೆಸರು ಹೇಳದೆ ಇರುವುದು ಅದಕ್ಕೇ. ಕೆಲವು ಗೆಳೆಯರಿಗೆ ಸಿಟ್ಟು ಬಂತು. ‘ನೀನೊಬ್ಬನೇ ಹೋಗಬೇಕು ಅಂತ ಆಸೆನಾ’ ಅಂತ ಕೇಳಿದರು. ಬರುವವರನ್ನು ನಾನೇ ಕರೆದುಕೊಂಡು ಹೋಗುತ್ತೇನೆ ಅಂದೆ. ಮಳೆ ಬಂದು ನಾಲ್ಕು ದಿನ ಬಿಸಿಲು ಬೀಳುವ ತನಕ ಇಲ್ಲ, ಹೊಲದ ಹತ್ತಿರ ಇಳಿದು ನಡೆಯಬೇಕು, ಕುರಿ ಬಂದರೆ ಸೈಕಲ್ ನಿಲ್ಲಿಸಿ ಕೆಳಗಿನ ಬದಿಗೆ ಸರಿಯಬೇಕು. ಇಷ್ಟಕ್ಕೆ ಒಪ್ಪಿದವರು ಐದು ಜನ. ಈಗಲೂ ಬರುತ್ತಾರೆ.

ಮೋರ್ಯರ ಗುಡ್ಡ

ಹಿರೇಬೆಣಕಲ್ ವಿಷಯ ಹೇಳದಿದ್ದರೆ ಮನಸ್ಸು ಹಗುರ ಆಗುವುದಿಲ್ಲ. ಗಂಗಾವತಿ, ಕೊಪ್ಪಳದವರಿಗೆ ಆ ಗುಡ್ಡ ಗೊತ್ತೇ ಇದೆ. ಮೋರ್ಯರ ಮನೆಗಳು ಅಂತ ನಮ್ಮ ಹಿರಿಯರು ಕರೆಯುವ ಕಲ್ಲುಮನೆಗಳು. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಮುಂದಿನ ಕಲ್ಲಿನಲ್ಲಿ ಗುಂಡಗೆ ಕೊರೆದ ಕಿಂಡಿ. ಸಮಾಧಿಗಳು ಅವು, ಸುಮಾರು ನಾನೂರು. ಎರಡು ಸಾವಿರ ವರ್ಷಕ್ಕೂ ಹಳೆಯವು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಎರಡು ವರ್ಷದ ಹಿಂದೆ, ಒಂದು ಜನವರಿ ಬೆಳಗ್ಗೆ, ನಾವು ಮೂವರು ಸೈಕಲ್ ಹೊತ್ತುಕೊಂಡೇ ಮೇಲೆ ಹೋಗಿದ್ದೆವು. ಅಲ್ಲಿ ಉದ್ದನೆಯ ಹಾಸುಬಂಡೆ ಇದೆ, ಟಯರಿಗೆ ಅಂಟು ಹಾಕಿದ ಹಾಗೆ ಹಿಡಿತ. ಕಲ್ಲುಮನೆಗಳ ನಡುವಿನ ಸಂದಿಯಲ್ಲಿ ಹಾವಿನ ಹಾಗೆ ಹೊರಳಿ ಹೊರಳಿ ಹೋಗಬಹುದು. ಮುಂದೆ ಹೋದ ಗೆಳೆಯನ ಪೆಡಲ್ ಒಂದು ಚಪ್ಪಡಿಯ ಅಂಚಿಗೆ ತಾಗಿತು. ಶೂ ಜಾರದಿರಲಿ ಅಂತ ಈ ಪೆಡಲ್‌ಗಳಲ್ಲಿ ಉಕ್ಕಿನ ಸಣ್ಣ ಮೊಳೆಗಳು ಇರುತ್ತವೆ. ಟಣ್ ಅಂತ ಸದ್ದು ಬಂತು. ಗೆಳೆಯ ಬೀಳಲಿಲ್ಲ, ಮುಂದೆ ಹೋದ. ನಾನು ನಿಂತೆ. ಚಪ್ಪಡಿಯ ಅಂಚು ಬೂದು ಬಣ್ಣ, ಅದರ ಮೇಲೆ ಕಿತ್ತಳೆ, ಹಸಿರು ಬಣ್ಣದ ಕಲ್ಲುಹೂವಿನ ಮಚ್ಚೆ. ಅದರ ನಡುವೆ ಒಂದು ಬಿಳಿ ಗೀರು. ಹೆಬ್ಬೆಟ್ಟಿನ ಉದ್ದ. ಬೆರಳಿಂದ ಒರೆಸಿದೆ. ಬಿಳಿ ಪುಡಿ ಬೆರಳಿಗೆ ಹತ್ತಿತು, ಗೀರು ಹಾಗೇ ಉಳಿಯಿತು. ಕಲ್ಲನ್ನು ಪಕ್ಕದ ಬಂಡೆಯಿಂದಲೇ ಎಬ್ಬಿಸಿ, ಹೊತ್ತು ತಂದು, ಸತ್ತವರಿಗೆ ಮನೆ ಮಾಡಿ ಕೊಟ್ಟವರು ಇದ್ದರಲ್ಲ, ಅವರ ಕೆಲಸದ ಮೇಲೆ ನಮ್ಮದೊಂದು ಗೀರು. ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು.

ಇನ್ನೊಂದು ಕಡೆ ಬಂಡೆಯ ಮೇಲೆ ಆ ನಗಾರಿ ಕಲ್ಲು ಇದೆ. ಅರ್ಧ ಚೆಂಡಿನ ಆಕಾರದ ದೊಡ್ಡ ಗುಂಡು, ಬಡಿದರೆ ನಗಾರಿಯಂತೆ ದನಿ ಕೊಡುತ್ತದೆ. ಬಂದವರೆಲ್ಲ ಒಂದು ಕಲ್ಲು ತಗೊಂಡು ಬಡಿಯುತ್ತಾರೆ. ಆವತ್ತು ಗೆಳೆಯರು ನನ್ನ ಕೈಗೂ ಕಲ್ಲು ಕೊಟ್ಟರು. ನಾನು ಬಡಿಯಲಿಲ್ಲ. ಅಂಗೈ ಇಟ್ಟುಕೊಂಡು ನಿಂತೆ. ಇನ್ನೊಬ್ಬ ಬಡಿದಾಗ ಕಲ್ಲು ಅಂಗೈಯೊಳಗೆ ನಡುಗಿತು. ಆವತ್ತಿನಿಂದ ಹಿರೇಬೆಣಕಲ್ಲಿಗೆ ಹೋದರೆ ಸೈಕಲ್ ಕೆಳಗೇ ಇರುತ್ತದೆ. ಊರಿನ ಒಂದು ಮನೆಯ ಕಟ್ಟೆಗೆ ಒರಗಿಸಿ, ಕೀಲಿ ಹಾಕದೆ, ನಡೆದೇ ಹತ್ತುತ್ತೇನೆ.

ಏಳು ತಡೆ

ಜನವರಿಯಿಂದ ಪ್ರತಿ ಭಾನುವಾರ ಆ ಕೊರಕಲಿನ ಕೆಲಸ ಹಿಡಿದೆವು. ಐದು ಜನ ಗೆಳೆಯರು, ಕೆಲವೊಮ್ಮೆ ಆ ತಾಯಿಯ ಮಗ. ಹೇಗೆ ಮಾಡಬೇಕು ಅಂತ ಹೇಳಿಕೊಟ್ಟದ್ದು ಅವರೇ. ಕೊರಕಲಿಗೆ ಅಡ್ಡ ಕಲ್ಲಿನ ತಡೆ ಕಟ್ಟಬೇಕು. ಮಣ್ಣು ತುಂಬಿ ಮುಚ್ಚಿದರೆ ಮೊದಲ ಮಳೆಗೇ ಹೋಗುತ್ತದೆ. ನೀರು ನಿಂತು ನಿಂತು, ತಾನು ಹೊತ್ತ ಮಣ್ಣನ್ನು ತಾನೇ ಇಳಿಸಿ ಹೋಗಬೇಕು. ಕೆಳಗಿನ ಕಲ್ಲು ನೆಲದೊಳಗೆ ಒಂದು ಗೇಣು ಹೂಳಬೇಕು. ಎರಡೂ ತುದಿ ದಂಡೆಯ ಒಳಗೆ ಕಚ್ಚಬೇಕು. ನಡುಭಾಗ ತುದಿಗಳಿಗಿಂತ ತಗ್ಗಿರಬೇಕು, ಇಲ್ಲದಿದ್ದರೆ ನೀರು ಪಕ್ಕ ಕೊರೆದುಕೊಂಡು ಹೋಗುತ್ತದೆ. ತಡೆಯ ಮುಂದೆ, ನೀರು ಬೀಳುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಬೇಕು. ಹದಿನೈದು ಅಡಿಯ ಗೆರೆ ಈಗ ಎಪ್ಪತ್ತು ಅಡಿಯ ಕೊರಕಲು. ಏಳು ತಡೆ ಬೇಕಾಯಿತು.

ಮೇಲಿನ ತುದಿಗೆ, ಯಾರೂ ಮತ್ತೆ ನೇರ ಇಳಿಯದಿರಲಿ ಅಂತ, ಬಳ್ಳಾರಿ ಜಾಲಿಯ ಕೊಂಬೆ ಕಡಿದು ಹಾಕಿದೆವು. ಬಳ್ಳಾರಿಯ ಹೆಸರು ಹೊತ್ತರೂ ಈ ಗಿಡ ನಮ್ಮದಲ್ಲ, ಸಮುದ್ರದಾಚೆಯ ಅಮೆರಿಕ ಖಂಡದ್ದು. ಬಂದದ್ದು ಬಂದು ಈಗ ಹಳ್ಳ, ಗೋಮಾಳ ಎಲ್ಲಾ ತಾನೇ ಆಗಿದೆ. ನಮ್ಮ ಕಡೆ ಸೈಕಲ್ ಹೊಡೆಯುವವರಿಗೆ ಅದರ ಮುಳ್ಳು ಏನು ಅಂತ ಬೇರೆ ಹೇಳಬೇಕಾಗಿಲ್ಲ. ಟಯರ್, ಟ್ಯೂಬ್ ಎರಡೂ ದಾಟಿ ಬರುತ್ತದೆ. ಟ್ಯೂಬ್ ತೆಗೆದು ಟಯರಿನೊಳಗೆ ಅಂಟು ದ್ರವ ಹಾಕಿಸಿದ ಮೇಲೆಯೇ ನಾನು ಪಂಕ್ಚರ್ ಚಿಂತೆ ಬಿಟ್ಟದ್ದು. ಆ ಮುಳ್ಳನ್ನು ನಾನೇ ತಂದು ದಾರಿಗೆ ಹಾಕುವ ದಿನ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಅಜ್ಜನನ್ನು ಮೊದಲೇ ಕೇಳಿದೆವು, ಕುರಿಗೆ ತೊಂದರೆ ಆಗುತ್ತೇನೋ ಅಂತ. ‘ಅಲ್ಲಿ ಕುರಿ ಹೋಗಂಗಿಲ್ಲ, ಹಾಕ್ರಿ’ ಅಂದರು. ಕುರಿದಾರಿಯಲ್ಲಿ ನಾನು ಕಾಲಲ್ಲಿ ತಳ್ಳಿದ್ದ ಕಲ್ಲನ್ನು ಹುಡುಕಿ ವಾಪಸ್ ಕೂರಿಸಿದೆ. ಅದು ಅಲ್ಲೇ ಇಪ್ಪತ್ತು ಹೆಜ್ಜೆ ಕೆಳಗೆ, ತುಗ್ಗಲಿ ಗಿಡದ ಬುಡದಲ್ಲಿ ಬಿದ್ದಿತ್ತು.

ಜೂನ್ ಎರಡನೇ ವಾರ ಮೊದಲ ದೊಡ್ಡ ಮಳೆ ಬಂತು. ರಾತ್ರಿ ಅಂಗಡಿ ಮುಚ್ಚಿ ಮನೆಗೆ ಬಂದರೂ ಕಿವಿ ಎಲ್ಲಾ ತಗಡಿನ ಸದ್ದಿನ ಮೇಲೇ. ಬೆಳಗ್ಗೆ ಸೈಕಲ್ ಬಿಟ್ಟು ಬೈಕ್ ತಗೊಂಡು ಹೋದೆ. ರಸ್ತೆಯಲ್ಲಿ ನಿಲ್ಲಿಸಿ ಹೊಲದ ಬದುವಿನ ಮೇಲೆ ನಡೆದೆ. ಒಡ್ಡು ನಿಂತಿತ್ತು. ಆ ತಾಯಿ ಆಗಲೇ ಅಲ್ಲಿದ್ದರು, ಸೀರೆ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಡ್ಡಿನ ಮೇಲೆ ನಿಂತು ಹೊಲ ನೋಡುತ್ತಿದ್ದರು. ನನ್ನನ್ನು ನೋಡಿ, ‘ಐದನೇದು ಹೋಗೈತಿ’ ಅಂದರು.

ಹೋಗಿತ್ತು. ನಡುಭಾಗ ಸಾಕಷ್ಟು ತಗ್ಗಿಸಿರಲಿಲ್ಲ, ನೀರು ಎಡಗಡೆ ಕೊರೆದು ಎರಡು ಕಲ್ಲು ಉರುಳಿಸಿತ್ತು. ಉಳಿದ ಆರೂ ಇದ್ದವು. ಒಂದೊಂದರ ಹಿಂದೆಯೂ ಬೆರಳುದ್ದ ಮಣ್ಣು ನಿಂತಿತ್ತು, ನುಣ್ಣಗೆ, ಸಾರಿಸಿದ ಅಂಗಳದ ಹಾಗೆ. ನಾವಿಬ್ಬರೂ ಉರುಳಿದ ಕಲ್ಲು ಮೇಲೆ ತಂದೆವು. ಅವರು ಒಂದು ತುದಿ ಹಿಡಿದರು, ನಾನು ಒಂದು ತುದಿ. ಕಲ್ಲು ಕೂರಿಸಿ ಬಗ್ಗಿದವನು ಎದ್ದಾಗ ಎರಡನೇ ತಡೆಯ ಹಿಂದಿನ ಹಸಿ ಮಣ್ಣು ಕಣ್ಣಿಗೆ ಬಿತ್ತು. ಬೆಳಗ್ಗೆಯೇ ಹಿಂಡು ದಾಟಿ ಹೋಗಿತ್ತು. ಈ ದಂಡೆಯಿಂದ ಆ ದಂಡೆಗೆ ಸಣ್ಣ ಸಣ್ಣ ಗೊರಸಿನ ಗುರುತು, ಒಂದಕ್ಕೊಂದು ತಾಗದೆ, ಅಡ್ಡ.